ಪಾಠ ಯೋಜನೆಯ ಕೊನೇ ಕಾಲಂ

ನಮ್ಮ ಪಾಠ ಯೋಜನೆಯಲ್ಲಿ 'ಶಿಕ್ಷಕರ ಸ್ವಾವಲೋಕನ' ಅಂತ ಒಂದು ಕಾಲಂ ಇರುತ್ತದಲ್ವಾ, ಅದರಲ್ಲಿ ನಾನು ವರ್ಷಗಟ್ಟಲೆ ಒಂದೇ ಮಾತು ಬರೆದಿದ್ದೇನೆ. 'ಮಕ್ಕಳು ಚೆನ್ನಾಗಿ ಸ್ಪಂದಿಸಿದರು.'

ಗದಗ ತಾಲ್ಲೂಕಿನ ಒಂದು ಶಾಲೆಯಲ್ಲಿ ಐದನೇ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದ ದಿನಗಳವು. ಒಂದು ದಿನ ಮೊಬೈಲನ್ನು ಮೇಜಿನ ಮೇಲಿಟ್ಟು ನನ್ನ ಪಾಠವನ್ನೇ ರೆಕಾರ್ಡ್ ಮಾಡಿಕೊಂಡೆ. ಸಂಜೆ ಬಸ್ಸಿನಲ್ಲಿ ಕೇಳಿದೆ. "ನಾಲ್ಕನೇ ಒಂದು ಭಾಗ ದೊಡ್ಡದೋ, ಎಂಟನೇ ಒಂದು ಭಾಗ ದೊಡ್ಡದೋ?" ಅಂತ ಕೇಳಿದ್ದೇನೆ, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ನಾನೇ ಹೇಳಿ ಮುಂದೆ ಹೋಗಿದ್ದೇನೆ. ನನ್ನ ದನಿಯ ಅಡಿಯಲ್ಲಿ ಒಂದು ಹುಡುಗಿಯ ಸಣ್ಣ ದನಿ. "ಅಕ್ಕೋರ, ಎಂಟ ದೊಡ್ಡದಲ್ರೀ?"

ತರಗತಿಯಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ಕೇಳಿದೆ, ಹೊಟ್ಟೆ ಚುರುಕ್ ಅಂತು. ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ ಎಂಟನೇ ಒಂದು ಭಾಗವೂ ದೊಡ್ಡದು ಅಂತ ಅವಳು ಯೋಚಿಸಿದ್ದಳು. ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ.

ಮರುದಿನ ಎರಡು ಜೋಳದ ರೊಟ್ಟಿ ತಗೊಂಡು ಹೋದೆ. ಒಂದನ್ನು ನಾಲ್ಕು ಮಂದಿಗೆ, ಇನ್ನೊಂದನ್ನು ಎಂಟು ಮಂದಿಗೆ ಹಂಚಲು ಅವಳಿಗೇ ಹೇಳಿ ಸುಮ್ನೆ ನಿಂತೆ. ಕೈಯಲ್ಲಿ ತುಂಡು ಹಿಡಿದು ನೋಡಿ ನೋಡಿ, "ಮಂದಿ ಜಾಸ್ತಿ ಆದ್ರ ತುಂಡ ಸಣ್ಣದ ಆಕ್ಕೈತ್ರೀ" ಅಂದಳು.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಶಿಕ್ಷಕರ ಈ ಅವಸರವನ್ನು ತೋರಿಸಿದ್ದರು. ತರಗತಿಗಳ ರೆಕಾರ್ಡಿಂಗ್ ಕೇಳಿ ಅವರು ಕಂಡದ್ದೇನೆಂದರೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರೂ ಮಾತಾಡುತ್ತಾರೆ. ಮಗು ಉತ್ತರ ಕೊಟ್ಟ ಮೇಲೂ ಅಷ್ಟೇ ಹೊತ್ತು ಕಾಯಬೇಕು, ಇದು ಇನ್ನೂ ಕಷ್ಟ. ನಾನು ಕಿಟಕಿಯ ಸರಳು ಎಣಿಸಿ ಅಭ್ಯಾಸ ಮಾಡಿಕೊಂಡೆ.

ಈಗ ನಾನು ಸಿಆರ್‌ಪಿ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಶಾಲೆಗೆ ಹೋಗಿ, ಹಿಂದೆ ಕೂತು ಪಾಠ ನೋಡಿ, ಆಮೇಲೆ ಶಿಕ್ಷಕರ ಜೊತೆ ಮಾತಾಡುವುದು ಕೆಲಸ. ಒಬ್ಬ ಟೀಚರ್ ಒಪ್ಪಿದ ಮೇಲೆ ಆ ಮಾತುಕತೆಯನ್ನೂ ರೆಕಾರ್ಡ್ ಮಾಡಿ ಕೇಳಿದೆ. ಹತ್ತು ನಿಮಿಷದಲ್ಲಿ ಎಂಟು ನಿಮಿಷ ನನ್ನದೇ ದನಿ. ಅದೇ ತಪ್ಪು, ಜಾಗ ಮಾತ್ರ ಬೇರೆ. ಹೀಗೆ ಮಾಡಬಹುದಿತ್ತು, ಹಾಗೆ ಮಾಡಬಹುದಿತ್ತು ಅಂತ ನಾನೇ ಹೇಳುತ್ತಾ ಹೋದರೆ ಅವರು ತಮ್ಮ ಪಾಠದ ಬಗ್ಗೆ ಯೋಚಿಸುವುದು ಯಾವಾಗ?

ಈಗ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ. "ಇವತ್ತು ಯಾವ ಮಗುವಿನ ಯಾವ ಮಾತು ನಿಮಗೆ ನೆನಪಿದೆ?" ಆಮೇಲೆ ಕಾಯುತ್ತೇನೆ. ಹೋದ ವಾರ ನಿವೃತ್ತಿ ಹತ್ತಿರ ಇರುವ ಒಬ್ಬ ಸರ್ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಆ ಬಾಗಿಲ ಹತ್ರ ಕೂಡೋ ಹುಡುಗ ಇವತ್ತ ಬಾಯಿ ಬಿಡ್ಲಿಲ್ರೀ ಮೇಡಂ. ಹೋದ ವಾರನೂ ಬಿಟ್ಟಿದ್ದಿಲ್ಲ, ನಾನs ಕೇಳಿಲ್ಲ" ಅಂದರು.

ನಾನು ಏನೂ ಹೇಳಲಿಲ್ಲ. ಸೋಮವಾರ ಮತ್ತೆ ಬರಲು ಅವರೇ ಕರೆದಿದ್ದಾರೆ, ಆ ಹುಡುಗನ ಪಕ್ಕದಲ್ಲಿ ಕೂರೋಕೆ.