ಕಿತ್ತಳೆಗೆ ಓಮದೆಣ್ಣೆಯ ಆವಿ: ಇಲ್ಲಿಯವರೆಗೆ ಕಂಡದ್ದು

ಕೊಯ್ದ ಕಿತ್ತಳೆಗೆ ಬೂಷ್ಟು ಹಿಡಿಯದಂತೆ ಓಮ, ಲವಂಗ, ನಿಂಬೆಹುಲ್ಲಿನಂಥ ಎಣ್ಣೆಗಳನ್ನು ಪರೀಕ್ಷಿಸುತ್ತಿದ್ದೇನೆ. ಹಣ್ಣನ್ನು ಎಣ್ಣೆನೀರಿನಲ್ಲಿ ಅದ್ದುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಇನ್ನು ಬರೀ ಆವಿ.

ಲೀಟರ್ ನೀರಿಗೆ 1 ಮಿ.ಲೀ. ಎಣ್ಣೆ, ಅಂದರೆ 0.1%, ಹಾಕಿ, ಎಣ್ಣೆ-ನೀರು ಬೆರೆಯಲು ನೆರವಾಗುವ ಲೆಸಿಥಿನ್ ಸೇರಿಸಿ ಎಷ್ಟು ಕದಡಿದರೂ ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ತೇಲುತ್ತದೆ. ಆ ಹನಿ ಅಂಟಿದ ಕಡೆ ಸಿಪ್ಪೆಯ ಮೇಲೆ ಕಂದು ಕಲೆ, ಸಣ್ಣ ಗುಳಿ. ಲವಂಗದೆಣ್ಣೆಯದ್ದು ಇದರಲ್ಲಿ ಜಾಸ್ತಿ ಕಾಟ. ಬೂಷ್ಟು ತಡೆಯೋಕೆ ಹೋಗಿ ಸಿಪ್ಪೆ ಸುಟ್ಟರೆ ಏನು ಬಂತು?

ಆವಿಗೆ ಬೇಕಾದ್ದು ಬಿಗಿ ಮುಚ್ಚಳದ ಡಬ್ಬಿ, ಮುಚ್ಚಳದ ಒಳಗೆ ಅಂಟಿಸಿದ ಫಿಲ್ಟರ್ ಪೇಪರ್, ಅದರ ಮೇಲೆ ಕೆಲವು ಹನಿ ಎಣ್ಣೆ. ಹಣ್ಣಿಗೆ ಎಣ್ಣೆ ತಾಗುವುದೇ ಇಲ್ಲ. ಪಕ್ಕದ ಡಬ್ಬಿಯಲ್ಲಿ ಎಲ್ಲ ಹಾಗೇ, ಎಣ್ಣೆ ಮಾತ್ರ ಇಲ್ಲ. ಅದಿಲ್ಲದೆ ಹೋಲಿಸೋದು ಯಾವುದರ ಜೊತೆ, ಅಲ್ವಾ?

ಕಿತ್ತಳೆಯ ಹಸಿರು ಬೂಷ್ಟು, ಪೆನಿಸಿಲಿಯಂ ಡಿಜಿಟೇಟಮ್, ಗಾಯವಿದ್ದ ಕಡೆಯಿಂದಲೇ ಒಳಗೆ ನುಗ್ಗುತ್ತದೆ. ಹಾಗಾಗಿ ಪ್ರತಿ ಹಣ್ಣಿಗೂ ಸೂಜಿಯಿಂದ ಒಂದೇ ಆಳಕ್ಕೆ ಚುಚ್ಚಿ, ಬೂಷ್ಟಿನ ಪುಡಿ, ಅಂದರೆ ಅದರ ಬೀಜಕಗಳನ್ನು, ಕದಡಿದ ನೀರನ್ನು ಒಂದೊಂದು ತೊಟ್ಟು ಬಿಡುತ್ತೇನೆ.

ಎಣ್ಣೆಯಿಲ್ಲದ ಡಬ್ಬಿಯಲ್ಲಿ ಮೊದಲು ಚುಚ್ಚಿದ ಜಾಗ ನೀರು ನೀರಾಗಿ ಮೆತ್ತಗಾಯಿತು. ಬೆರಳಿಟ್ಟರೆ ಒಳಗೆ ಕುಸಿಯುತ್ತಿತ್ತು. ಆಮೇಲೆ ಹತ್ತಿಯಂಥ ಬಿಳಿ ಪದರ. ಕೊನೆಗೆ ನಡುವಿನಿಂದ ಹಸಿರು ಪುಡಿ ಎದ್ದು, ಸುತ್ತ ಬಿಳಿ ಅಂಚು ಉಳಿಯಿತು. ಡಬ್ಬಿ ಸ್ವಲ್ಪ ಅಲುಗಿದರೂ ಈ ಪುಡಿ ಹಾರುತ್ತದೆ. ಮಾಸ್ಕ್ ಇಲ್ಲದೆ ತೆರೆಯುವುದಿಲ್ಲ.

ಓಮದೆಣ್ಣೆಯ ಡಬ್ಬಿಯಲ್ಲಿ ಅದೇ ಚುಚ್ಚು ಒಣಗಿ ಸಾಸಿವೆ ಗಾತ್ರದ ಕಂದು ಚುಕ್ಕೆಯಾಗಿ ನಿಂತಿತ್ತು. ಇದು ಓಮದೆಣ್ಣೆಯಲ್ಲಿರುವ ಥೈಮಾಲ್‌ನ ಕೆಲಸ. ಅದು ಫಂಗಸ್‌ನ ಜೀವಕೋಶದ ಪೊರೆಯೊಳಗೆ ಸೇರಿಕೊಂಡು ಒಳಗಿನದ್ದು ಸೋರಿಹೋಗುವಂತೆ ಮಾಡುತ್ತದೆ. ಬೂಷ್ಟು ತಡೆಯುವುದರಲ್ಲಿ, ಸಿಟ್ರಾಲ್ ಎಂಬ ಅಂಶವಿರುವ ನಿಂಬೆಹುಲ್ಲಿನ ಎಣ್ಣೆ ಎರಡನೆಯದಾಗಿ ಬಂತು.

ಆಮೇಲೆ ಮುಚ್ಚಳ ತೆಗೆದಿಟ್ಟೆ. ವಾಸನೆ ಆರುತ್ತಿದ್ದ ಹಾಗೇ ಕೆಲವು ಹಣ್ಣುಗಳಲ್ಲಿ ಮೆತ್ತನೆ ಕಲೆ ಶುರುವಾಯಿತು! ಬೀಜಕಗಳೆಲ್ಲ ಸತ್ತಿರಲಿಲ್ಲ. ಈ ಪ್ರಮಾಣದಲ್ಲಿ ಆವಿ ಇರುವಷ್ಟು ಹೊತ್ತು ಮಾತ್ರ ತಡೆ. 'ನೈಸರ್ಗಿಕ ಶಿಲೀಂಧ್ರನಾಶಕ' ಎಂದು ಹೊಗಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಸುಮ್ನೆ ಮಾವನ್ನೂ ಇಟ್ಟು ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮಾವಿಗೆ ಬರುವ ಆಂಥ್ರಾಕ್ನೋಸ್ ಎಂಬ ಶಿಲೀಂಧ್ರ ರೋಗ ಕಾಯಿ ಮರದಲ್ಲಿದ್ದಾಗಲೇ ಸಿಪ್ಪೆಗೆ ಸೇರಿ ತೆಪ್ಪಗಿರುತ್ತದೆ, ಹಣ್ಣಾಗುವಾಗ ಕಪ್ಪು ಚುಕ್ಕೆಯಾಗಿ ಹೊರಬೀಳುತ್ತದೆ. ಕೊಯ್ದ ಮೇಲೆ ಆವಿ ಕೊಟ್ಟರೆ ಅಲ್ಲಿಗೆ ಮುಟ್ಟುವುದು ಕಷ್ಟ.

ಇನ್ನು ವಾಸನೆಯ ರಗಳೆ ಬೇರೆ. ಗಾಯ ಮಾಡದ, ಬೂಷ್ಟು ತಾಗಿಸದ ಹಣ್ಣು ಸುಲಿದರೆ ತೊಳೆಯಲ್ಲೂ ಓಮದ ಘಾಟು. ಮುಚ್ಚಳಕ್ಕೆ ಕಟ್ಟುವ ನೀರಹನಿಗೆ ತಳದಲ್ಲಿ ಒಣ ಕಾಗದ ಹಾಸಿದರೆ ಸಾಕಾಗುತ್ತಿದೆ.

ಮುಂದಿನ ಸುತ್ತಿಗೆ ಎಣ್ಣೆಯನ್ನು ಕೈಟೋಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ತೆಗೆಯುವ ವಸ್ತು) ಲೇಪದಲ್ಲಿ ಸೇರಿಸುತ್ತೇನೆ. ಆಗ ಅದು ನಿಧಾನವಾಗಿ ಹೊರಬರಬೇಕು, ಕಡಿಮೆ ಎಣ್ಣೆಯೂ ಸಾಕಾಗಬಹುದು. ಕೈಟೋಸಾನ್ ಬರೀ ನೀರಿನಲ್ಲಿ ಕರಗುವುದಿಲ್ಲ, ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವ ಆಮ್ಲ) ಬೆರೆಸಿದ ನೀರು ಬೇಕು. ಹಾಗಾಗಿ ಆ ಆಮ್ಲದ ನೀರು ಮಾತ್ರ ಹಚ್ಚಿದ ಹಣ್ಣುಗಳಿಗೂ ಒಂದು ಡಬ್ಬಿ, ಎಣ್ಣೆಯಿಲ್ಲದ ಲೇಪದವುಗಳಿಗೆ ಇನ್ನೊಂದು.