ಬಾಟ್ಲಿಗೆ ಬಿದ್ದ ಊಜಿ ಎಲ್ಲಾ ಒಂದೇ ಜಾತಿ ಅಲ್ಲ

ಹೊಳಲ್ಕೆರೆ ಕಡೆ ನಮ್ದು ಸೀಬೆ ತೋಟ. ಮಳೆಗಾಲದ ಫಸಲಿಗೆ ಊಜಿ, ಅಂದ್ರೆ ಹಣ್ಣಿನ ನೊಣದ ಕಾಟ ಯಾವಾಗ್ಲೂ ಇದ್ದಿದ್ದೇ, ಹಣ್ಣು ಹೊರಗೆ ಚೆನ್ನಾಗೇ ಕಾಣ್ತಿರುತ್ತೆ ಕೊಯ್ದು ನೋಡಿದ್ರೆ ಒಳಗೆಲ್ಲಾ ಹುಳ. ಅದಕ್ಕೆ ಮಿಥೈಲ್ ಯುಜಿನಾಲ್ ಹಾಕಿದ ಬಾಟ್ಲಿ ಬಲೆ ಕಟ್ಟಿರ್ತೀವಿ. ತುಳಸಿಯಲ್ಲೂ ಅದೇ ಅಂಶ ಐತೆ. ಅದರ ವಾಸನೆಗೆ ಗಂಡು ನೊಣ ಮಾತ್ರ ಬರ್ತವೆ, ಗಂಡು ಕಮ್ಮಿ ಆದ್ರೆ ಹೆಣ್ಣಿಗೆ ಜೋಡಿ ಸಿಗಲ್ಲ ಅನ್ನೋ ಲೆಕ್ಕ.

ಹೋದ ಆಗಸ್ಟಲ್ಲಿ ಹಿರಿಯೂರಲ್ಲಿ ತೋಟಗಾರಿಕೆ ಓದೋ ನಮ್ಮಕ್ಕನ ಮಗಳು ಬಂದಿದ್ಳು. ನಾನು ಬಾಟ್ಲಿ ಖಾಲಿ ಮಾಡಿ ಚೆಲ್ಲಕ್ಕೆ ಹೋದ್ರೆ "ತಡಿ ಮಾವ, ಇದ್ರಲ್ಲಿ ಯಾವ್ಯಾವ್ದು ಐತೆ ನೋಡಣ" ಅಂತ ಬಿಳಿ ಪೇಪರ್ ಮೇಲೆ ಹರಡಿ ಲೆನ್ಸ್ ಹಿಡ್ಕೊಂಡು ಕೂತ್ಳು.

ಮೊದಲು ರೆಕ್ಕೆ ನೋಡ್ಬೇಕಂತೆ. ರೆಕ್ಕೆಯ ಮುಂದಿನ ಅಂಚಲ್ಲಿ ಸಣ್ಣ ಕಪ್ಪು ಗೆರೆ ಎಲ್ಲೂ ತುಂಡಾಗದೆ ತುದಿವರೆಗೂ ಹೋಗಿದ್ರೆ ಅದು ಡಾರ್ಸಾಲಿಸ್ ಅನ್ನೋ ಜಾತಿ. ಗೆರೆ ಮಧ್ಯದಲ್ಲೇ ನಿಂತು ತುದೀಲಿ ಬರೀ ಒಂದು ಚುಕ್ಕೆ ಇದ್ರೆ ಕರೆಕ್ಟಾ ಇಲ್ಲಾ ಜೊನಾಟಾ ಅನ್ನೋ ಜಾತಿ. ಇವೆರಡನ್ನ ಬೇರೆ ಮಾಡೋದ್ರಲ್ಲೇ ನಂಗೆ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಮುಖದ ಮೇಲಿನ ಕಪ್ಪು ಒಂದು ಅಡ್ಡಪಟ್ಟಿ ತರ ಕೂಡ್ಕೊಂಡಿದ್ರೆ ಕರೆಕ್ಟಾ, ಎರಡು ಚುಕ್ಕೆ ಬೇರೆ ಬೇರೆ ಇದ್ದು ಮೈ ಕೆಂಗಂದು ಇದ್ರೆ ಜೊನಾಟಾ. ಬಣ್ಣ ಒಂದನ್ನೇ ನಂಬ್ಕೊಂಡು ಹೋಗಂಗಿಲ್ಲ ಯಾಕಂದ್ರೆ ಡಾರ್ಸಾಲಿಸ್ ಬೆನ್ನು ಒಂದರಲ್ಲಿ ಕಪ್ಪು ಇನ್ನೊಂದರಲ್ಲಿ ಕಂದು ಇರುತ್ತೆ. ರೆಕ್ಕೆ ಮುರಿದು ಮುಖನೂ ಕೊಳೆತು ಹೋಗಿದ್ದ ನೊಣಕ್ಕೆ ಅವ್ಳು ಹೆಸರೇ ಕೊಡ್ಲಿಲ್ಲ, ಪಕ್ಕಕ್ಕೆ ಸರಿಸಿದ್ಳು. ಅದು ನಂಗೆ ಬಾಳ ಇಷ್ಟ ಆಯ್ತು.

ಈ ಬಣ್ಣದ ವ್ಯತ್ಯಾಸ ದೊಡ್ಡ ದೊಡ್ಡ ವಿಜ್ಞಾನಿಗಳನ್ನೂ ವರ್ಷಗಟ್ಟಲೆ ಕಾಡೈತೆ. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಅಂತ ಹೊಸ ಜಾತಿ ಹೆಸರು ಕೊಟ್ರು, ಆಮೇಲೆ ಆಕಾರ, ಡಿಎನ್‌ಎ, ಒಂದಕ್ಕೊಂದು ಕೂಡ್ತವಾ ಅನ್ನೋದು ಎಲ್ಲಾ ನೋಡಿ 2015ರಲ್ಲಿ ಇದೂ ಡಾರ್ಸಾಲಿಸ್ಸೇ ಅಂದ್ರು. ಹತ್ತಿರದಿಂದ ನೋಡಿದ್ರೆ ಒಂದು ಅಂದ್ಕೊಂಡಿದ್ದು ಮೂರಾಗುತ್ತೆ, ಎರಡು ಅಂದ್ಕೊಂಡಿದ್ದು ಒಂದೂ ಆಗುತ್ತೆ!

ಅಷ್ಟೊತ್ತಿಗೆ ಪಕ್ಕದ ತೋಟದ ಅಣ್ಣ ಬಂದ್ರು. "ಇದೇ ಔಷಧಿ ನಮ್ಮ ಹಾಗಲ ಬಳ್ಳಿಗೂ ಕಟ್ಟೀನಿ, ಒಂದು ನೊಣನೂ ಬೀಳವಲ್ದು, ಕಾಯಿ ಮಾತ್ರ ಕೊಳೀತಾವೆ" ಅಂದ್ರು. ಹಾಗಲ, ಸೌತೆ, ಹೀರೆಗೆ ಬರೋ ಊಜಿನೇ ಬೇರೆ ಅಣ್ಣ, ಅದು ಈ ವಾಸನೆಗೆ ಬರಲ್ಲ, ಅದಕ್ಕೆ ಕ್ಯೂ ಲ್ಯೂರ್ ಅನ್ನೋ ಬೇರೆ ವಾಸನೆ ಔಷಧಿ ಬೇಕು ಅಂತ ಇವ್ಳು ಹೇಳಿದ್ಳು. ತಂದು ಕಟ್ಟಿದ್ರು. ಆಮೇಲೊಂದಿನ ಬಿದ್ದ ನೊಣನ ಪೇಪರಲ್ಲಿ ಕಟ್ಕೊಂಡು ಅವ್ರೇ ನಮ್ಮನೆಗೆ ಬಂದ್ರು, ಲೆನ್ಸ್ ಇಟ್ಟು ನೋಡಿದ್ರೆ ಬೆನ್ನಿನ ನಟ್ಟನಡುವೆ ನಮ್ಮ ಸೀಬೆ ನೊಣಕ್ಕಿಲ್ಲದ ಹಳದಿ ಗೆರೆ.