ನಾಯಕ ಸತ್ತ ಮೇಲೆ ಏನಾಯಿತು?

ಮುಖ್ಯ ಪಾತ್ರದ ಸಾವಿನೊಂದಿಗೆ ಮುಗಿಯುವ ಟಿವಿ ಸರಣಿಗಳ ಬಗ್ಗೆ ಮಾತು ಬಂದರೆ ಎಲ್ಲರೂ ಸಾವಿನ ದೃಶ್ಯವನ್ನೇ ವರ್ಣಿಸುತ್ತಾರೆ. ಹೇಗೆ ಬಿದ್ದ, ಕೊನೆಗೆ ಏನೆಂದ, ಹಿನ್ನೆಲೆಯಲ್ಲಿ ಯಾವ ಹಾಡಿತ್ತು. ನಾನು ನೋಡುವುದು ಅದರ ನಂತರದ ಭಾಗವನ್ನು. ಮನೆಯವರಿಗೆ ಸುದ್ದಿ ಮುಟ್ಟಿಸಿದವರು ಯಾರು, ಸಾಲ ಯಾರ ತಲೆಗೆ ಬಂತು, ಮಗು ಯಾರ ಮಡಿಲು ಸೇರಿತು? ಇದಕ್ಕೆಲ್ಲ ಜಾಗ ಕೊಡದ ಸರಣಿ ಎಷ್ಟು ಚೆನ್ನಾಗಿದ್ದರೂ ನನ್ನ ಮಟ್ಟಿಗೆ ಮುಗಿದಂತಲ್ಲ. (ಬ್ರೇಕಿಂಗ್ ಬ್ಯಾಡ್, ಇನ್‌ಸ್ಪೆಕ್ಟರ್ ಮಾರ್ಸ್, ಲಾಸ್ಟ್, ಸಿಕ್ಸ್ ಫೀಟ್ ಅಂಡರ್ ಇವುಗಳ ಕೊನೆ ಮುಂಚಿತವಾಗಿ ತಿಳಿಯಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಿ.)

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ಒಬ್ಬರು ತೀರಿಕೊಂಡಾಗ ವೈದ್ಯರು ಬಂದು ಸಮಯ ಬರೆದು ಹೋಗುತ್ತಾರೆ. ನಮ್ಮ ಕೆಲಸ ಶುರುವಾಗುವುದು ಆಮೇಲೆ. ಕೈಯ ಸೂಜಿ, ಮೂಗಿನ ಕೊಳವೆ ತೆಗೆಯಬೇಕು. ಕಣ್ಣು ಮುಚ್ಚಿಸಬೇಕು. ಮೈ ಸೆಟೆಯುವ ಮೊದಲೇ ಗಲ್ಲದಡಿಯಿಂದ ನೆತ್ತಿಗೆ ಬಟ್ಟೆಯ ಪಟ್ಟಿ ಕಟ್ಟಬೇಕು. ಉಂಗುರ, ಸರ, ಕೈಗಡಿಯಾರ ಪಟ್ಟಿ ಮಾಡಿ ಮನೆಯವರ ಸಹಿ ಪಡೆಯಬೇಕು. ಒಂದು ಮಳೆಗಾಲದ ರಾತ್ರಿ, ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು ನನ್ನ ಮೇಜಿನ ಬಳಿ ಬಂದು, "ಸಿಸ್ಟರ್, ನಲ್ಲಿ ಎಲ್ಲಿ ಉಂಟು?" ಎಂದು ಕೇಳಿದರು. ಕೈಯಲ್ಲಿ ಗಂಜಿ ತಂದಿದ್ದ ಟಿಫಿನ್ ಕ್ಯಾರಿಯರ್. "ಪಕ್ಕದ ಮನೆಯವರದ್ದು. ತೊಳೆಯದೆ ಹೇಗೆ ಕೊಡುವುದು?" ಒಂದೊಂದೇ ಬಟ್ಟಲು ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ಜೋಡಿಸಿ ಕೊಂಡಿ ಹಾಕಿದರು. ಆಮೇಲೆ ಊರಿಗೆ ಫೋನ್ ಮಾಡಲು ಕುಳಿತರು. ಆ ಹತ್ತು ನಿಮಿಷಕ್ಕೆ ಸಮನಾದ ದೃಶ್ಯವನ್ನು ನಾನು ಟಿವಿಯಲ್ಲಿ ಹುಡುಕುತ್ತಲೇ ಇರುತ್ತೇನೆ.

ರಜೆ ಸಿಕ್ಕಾಗ ಕಾಪು ಬಳಿಯ ಮನೆಗೆ ಹೋಗುತ್ತೇನೆ. ಅಮ್ಮ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾ ನನ್ನೊಂದಿಗೆ ಈ ಇಂಗ್ಲಿಷ್ ಸರಣಿಗಳನ್ನು ನೋಡುತ್ತಾರೆ. ನಾನು ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ಕಥೆ ಹೇಳುತ್ತಾ ಹೋಗಬೇಕು. ಬ್ರೇಕಿಂಗ್ ಬ್ಯಾಡ್ ಅವರಿಗೆ ಬಹಳ ಹಿಡಿಸಿತ್ತು. ಕ್ಯಾನ್ಸರ್ ಬಂದ ರಸಾಯನಶಾಸ್ತ್ರದ ಮೇಷ್ಟ್ರು ಹೆಂಡತಿ ಮಕ್ಕಳಿಗೆ ಹಣ ಮಾಡಿಡಬೇಕೆಂದು ಮಾದಕವಸ್ತು ತಯಾರಿಗೆ ಇಳಿದದ್ದು ಅವರಿಗೆ ಅರ್ಥವಾಯಿತು. ಅದು ನೆಪ, ಒಳಗಿದ್ದದ್ದು ಅಹಂಕಾರ ಎಂಬುದು ನನಗಿಂತ ಮೊದಲೇ ಅರ್ಥವಾಯಿತು. 2013ರ ಸೆಪ್ಟೆಂಬರ್ 29ರಂದು ಅಮೆರಿಕದಲ್ಲಿ ಪ್ರಸಾರವಾದ ಕೊನೆಯ ಕಂತಿನಲ್ಲಿ ವಾಲ್ಟರ್ ವೈಟ್ ಪ್ರಯೋಗಾಲಯದ ಉಪಕರಣಗಳನ್ನು ಸವರಿ ನೆಲಕ್ಕೊರಗುತ್ತಾನೆ, ಪೊಲೀಸರು ಒಳಗೆ ಬರುತ್ತಾರೆ, ಕ್ಯಾಮೆರಾ ಮೇಲಕ್ಕೆ ಹೋಗುತ್ತದೆ. ಮುಗಿಯಿತು. ಅಮ್ಮ ಕೇಳಿದರು: "ಆ ಹುಡುಗನಿಗೆ ಹಣ ಸಿಕ್ಕಿತಾ?"

ಸರಿಯಾದ ಪ್ರಶ್ನೆ ಅದೊಂದೇ. ವಾಲ್ಟರ್ ಸಾಯುವ ಮೊದಲು ತನ್ನ ಹಳೆಯ ಪಾಲುದಾರರನ್ನು ಹೆದರಿಸಿ, 97 ಲಕ್ಷ 20 ಸಾವಿರ ಡಾಲರನ್ನು ಮಗನಿಗೆ 18 ತುಂಬಿದ ದಿನ ಕೊಡಬೇಕೆಂದು ವ್ಯವಸ್ಥೆ ಮಾಡಿರುತ್ತಾನೆ. ಅದರ ಹಿಂದಿನ ಕಂತಿನಲ್ಲಿ ಅದೇ ಮಗ ಫೋನಿನಲ್ಲಿ, ನಿನ್ನ ಹಣ ಬೇಡ, ಸತ್ತು ಹೋಗು ಎಂದು ಕಿರುಚಿರುತ್ತಾನೆ. ಇಡೀ ಸರಣಿಯ ಲೆಕ್ಕ ನಿಂತಿರುವುದು ಈ ಹಣದ ಮೇಲೆ. ಅಪ್ಪನ ಹಣವೆಂದು ತಿಳಿಯದೆ ಆ ಹುಡುಗ ಅದನ್ನು ಪಡೆದನೇ? ತಿಳಿದರೆ ಏನು ಮಾಡಿದ? ತೋರಿಸಲಿಲ್ಲ. ವಾಲ್ಟರ್‌ನ ನಾದಿನಿಯ ಗಂಡ ಹ್ಯಾಂಕ್‌ನ ಶವ ಮರುಭೂಮಿಯಲ್ಲಿ ಎಲ್ಲಿದೆ ಎಂಬ ಗುರುತನ್ನು ವಾಲ್ಟರ್ ಒಂದು ಲಾಟರಿ ಚೀಟಿಯ ಮೂಲಕ ಹೆಂಡತಿಗೆ ಕೊಡುತ್ತಾನೆ. ಆ ಶವವನ್ನು ಮನೆಗೆ ತಂದ ದಿನವೂ ಕಾಣಲಿಲ್ಲ. ಶಿಷ್ಯ ಜೆಸ್ಸಿಯ ಮುಂದಿನ ಕಥೆಗೆ 2019ರಲ್ಲಿ ಒಂದು ಪೂರ್ತಿ ಸಿನಿಮಾ ಬಂತು. ಹ್ಯಾಂಕ್‌ನ ಹೆಂಡತಿ ಮೇರಿಗೆ ಸಿಕ್ಕಿದ್ದು, ಇದೇ ಕಥಾಲೋಕದ ಇನ್ನೊಂದು ಸರಣಿ, 2022ರಲ್ಲಿ ಮುಗಿದ ಬೆಟರ್ ಕಾಲ್ ಸಾಲ್‌ನ ಕೊನೆಯ ಕಂತಿನಲ್ಲಿ ಕೆಲವು ನಿಮಿಷ. ಆ ಕೆಲವು ನಿಮಿಷ ನನಗೆ ವಾಲ್ಟರ್‌ನ ಸಾವಿಗಿಂತ ಹೆಚ್ಚು ತಟ್ಟಿತು.

ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ಯಕ್ಷಗಾನದಿಂದ ಬಂದ ರುಚಿ ಇದು ಎಂದು ನನ್ನ ನಂಬಿಕೆ. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಚಾಪೆ ಹಾಸಿ ಕುಳಿತು ಅಭಿಮನ್ಯು ಕಾಳಗವನ್ನೂ ಸೈಂಧವ ವಧೆಯನ್ನೂ ಒಂದೇ ರಾತ್ರಿಯಲ್ಲಿ ನೋಡಿದ್ದೇನೆ. ಚಕ್ರವ್ಯೂಹದೊಳಗೆ ಹುಡುಗ ಬೀಳುವಾಗ ಚೆಂಡೆಯ ಅಬ್ಬರ ಇರುತ್ತದೆ. ಆದರೆ ಸಭೆ ಮೌನವಾಗುವುದು ಅಲ್ಲಲ್ಲ. ಸಂಶಪ್ತಕರೊಂದಿಗೆ ಹೋರಾಡಿ ಮರಳಿದ ಅರ್ಜುನ, ಎಂದಿನಂತೆ ಎದುರಿಗೆ ಓಡಿ ಬರಬೇಕಿದ್ದ ಮಗ ಯಾಕೆ ಬರಲಿಲ್ಲ ಎಂದು ಒಬ್ಬೊಬ್ಬರ ಮುಖ ನೋಡುತ್ತಾ ಕೇಳುವಾಗ. ಯಾರೂ ಬಾಯಿ ಬಿಡುವುದಿಲ್ಲ. ಅಲ್ಲಿಂದ ಪ್ರತಿಜ್ಞೆ ಹುಟ್ಟುತ್ತದೆ, ಮರುದಿನದ ಯುದ್ಧ ಹುಟ್ಟುತ್ತದೆ.

ಇಂಗ್ಲೆಂಡಿನವರಿಗೆ ಇದು ಚೆನ್ನಾಗಿ ಗೊತ್ತು ಅನಿಸಿದ್ದು ಇನ್‌ಸ್ಪೆಕ್ಟರ್ ಮಾರ್ಸ್ ನೋಡಿದಾಗ. 1987ರಲ್ಲಿ ಶುರುವಾಗಿ 2000ದ ನವೆಂಬರ್ 15ರಂದು ಮುಗಿದ 33 ಕಂತುಗಳ ಪತ್ತೇದಾರಿ ಸರಣಿ. ಆಕ್ಸ್‌ಫರ್ಡ್ ಊರು, ಜಾನ್ ಥಾ ಮುಖ್ಯ ಪಾತ್ರ. ಮಾರ್ಸ್ ಕುಡಿಯುತ್ತಾನೆ, ಸಿಡುಕುತ್ತಾನೆ, ಸಂಗೀತ ಕೇಳುತ್ತಾನೆ. ಕಿರಿಯ ಅಧಿಕಾರಿ ಲೂಯಿಸ್ ವರ್ಷಗಟ್ಟಲೆ ಅವನ ಗದರಿಕೆ ಸಹಿಸುತ್ತಾನೆ. ಕೊನೆಯ ಕಂತಿನಲ್ಲಿ ಮಾರ್ಸ್ ಕಾಲೇಜಿನ ಹುಲ್ಲುಹಾಸಿನ ಮೇಲೆ ಕುಸಿದು ಬೀಳುತ್ತಾನೆ. ಆಸ್ಪತ್ರೆಯಲ್ಲಿ ಮೇಲಧಿಕಾರಿಗೆ, ನನ್ನ ಪರವಾಗಿ ಲೂಯಿಸ್‌ಗೆ ಧನ್ಯವಾದ ಹೇಳಿ ಎನ್ನುತ್ತಾನೆ. ಲೂಯಿಸ್ ಅಲ್ಲಿಲ್ಲ. ಅವನು ಬರುವುದು ಶವಾಗಾರಕ್ಕೆ. ಬಗ್ಗಿ ಹಣೆಗೆ ಮುತ್ತಿಟ್ಟು, ಬರುತ್ತೇನೆ ಸರ್ ಎಂಬಷ್ಟೇ ಹೇಳುತ್ತಾನೆ. ಬದುಕಿದ್ದಾಗ ಒಮ್ಮೆಯೂ ಹೀಗೆ ಹತ್ತಿರ ಹೋಗಿರದ ಮನುಷ್ಯ. ಶವಾಗಾರದ ಬಾಗಿಲಲ್ಲಿ ನಿಂತು ನಾನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಮುಟ್ಟಲೋ ಬೇಡವೋ ಎಂದು ಕೈ ಮುಂದೆ ಮಾಡಿ ಹಿಂದೆಗೆಯುವವರು, ಕೊನೆಗೆ ಕಾಲ ಹೆಬ್ಬೆರಳನ್ನು ಮಾತ್ರ ಹಿಡಿಯುವವರು. ಆ ನಟ, ಆ ನಿರ್ದೇಶಕ ಇಂಥದ್ದನ್ನು ಎಲ್ಲೋ ಕಂಡಿರಲೇಬೇಕು.

ಲಾಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ ಅದು. ನಾಯಕ ಜಾಕ್ ಕಣ್ಣು ತೆರೆಯುವುದರಿಂದ ಶುರುವಾಗಿ 2010ರಲ್ಲಿ ಅದೇ ಕಣ್ಣು ಮುಚ್ಚುವುದರೊಂದಿಗೆ ಮುಗಿಯುತ್ತದೆ. ಜೋಡಣೆ ಚಂದ. ಆದರೆ ಸತ್ತವರೆಲ್ಲ ಒಟ್ಟಾಗಿ ಸೇರುವುದನ್ನು ತೋರಿಸುವ ಆತುರದಲ್ಲಿ, ವಿಮಾನ ಹತ್ತಿ ದ್ವೀಪದಿಂದ ಪಾರಾದ ಜೀವಂತರು ಎಲ್ಲಿಗೆ ಹೋದರು ಎಂಬುದನ್ನು ಬಿಟ್ಟುಬಿಟ್ಟರು.

ಸಿಕ್ಸ್ ಫೀಟ್ ಅಂಡರ್ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಲಾಸ್ ಏಂಜಲೀಸ್‌ನಲ್ಲಿ ಶವಸಂಸ್ಕಾರವನ್ನೇ ವೃತ್ತಿಯಾಗಿಸಿಕೊಂಡ ಫಿಶರ್ ಕುಟುಂಬ. ಮೊದಲ ಕಂತಿನಲ್ಲೇ ಅಪ್ಪ ಓಡಿಸುತ್ತಿದ್ದ ಶವವಾಹನಕ್ಕೆ ಬಸ್ ಡಿಕ್ಕಿ. ಹಿರಿಯ ಮಗ ನೇಟ್ ಸಾಯುವುದು ಕೊನೆಗಿಂತ ಮೂರು ಕಂತು ಮೊದಲು. ಮುಖ್ಯ ಪಾತ್ರವನ್ನು ಕಳೆದುಕೊಂಡ ಮೇಲೂ ಮೂರು ಪೂರ್ತಿ ಕಂತು! ಊರಿನವರ ಹೆಣಗಳನ್ನೆಲ್ಲ ಅಲಂಕರಿಸಿ ಪೆಟ್ಟಿಗೆಯಲ್ಲಿಟ್ಟ ಮನೆಯವರು ತಮ್ಮವನನ್ನು ಪೆಟ್ಟಿಗೆಯಿಲ್ಲದೆ, ಬರಿಯ ಬಟ್ಟೆಯಲ್ಲಿ ಸುತ್ತಿ, ತಾವೇ ಮಣ್ಣು ಹಾಕಿ ಹೂಳುತ್ತಾರೆ. ಆಮೇಲೆ ಜಗಳ, ಮಗುವಿನ ಚಿಂತೆ, ಅಂಗಡಿಯ ಪಾಲು. ನಮ್ಮಲ್ಲಿ ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು ನೆಂಟರು ಹೊರಟ ಮೇಲೆ ಮನೆ ಹೇಗಿರುತ್ತದೋ ಹಾಗೇ. ಅಮ್ಮ ಕೇಳಿದ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಸಿಕ್ಕಿತು. ಮಗು ಯಾರ ಬಳಿ? ನೇಟ್‌ನ ಹೆಂಡತಿ ಬ್ರೆಂಡಾ ಬಳಿ. ವ್ಯವಹಾರ ಯಾರು ನೋಡಿಕೊಂಡರು? ತಮ್ಮ ಡೇವಿಡ್.

2005ರ ಆಗಸ್ಟ್ 21ರಂದು ಬಂದ ಕೊನೆಯ ಕಂತಿನ ಕೊನೆಯ ನಿಮಿಷಗಳಲ್ಲಿ ಕಿರಿಯವಳಾದ ಕ್ಲೇರ್ ಕಾರು ಓಡಿಸುತ್ತಾ ಊರು ಬಿಡುತ್ತಾಳೆ, ನಡುನಡುವೆ ಮುಂದಿನ ಎಂಟು ದಶಕಗಳಲ್ಲಿ ಒಬ್ಬೊಬ್ಬರೂ ಸಾಯುವುದು ಕಾಣುತ್ತದೆ. ತಾಯಿ ರೂತ್‌ಳ ಹೆಸರಿನ ಮುಂದೆ 2025 ಎಂದು ಬರುತ್ತದೆ. ಆಸ್ಪತ್ರೆಯ ಮಂಚದಲ್ಲಿ ಮಲಗಿರುವ ಅವಳಿಗೆ ಸತ್ತ ಗಂಡ ಮತ್ತು ಮಗ ಕಾಣಿಸುತ್ತಾರೆ. ಕೊನೆಯ ದಿನಗಳಲ್ಲಿ ತೀರಿಹೋದವರನ್ನು ಹೆಸರು ಹಿಡಿದು ಕರೆಯುವ ರೋಗಿಗಳನ್ನು ನಾನು ಕಂಡಿರುವುದರಿಂದ ಅದು ನನಗೆ ಸಿನಿಮೀಯ ಅನಿಸಲೇ ಇಲ್ಲ.

ಅಮ್ಮನಿಗೆ ಈ ಭಾಗ ಇಷ್ಟವಾಗಲಿಲ್ಲ. "ಎಲ್ಲರನ್ನೂ ಯಾಕೆ ಸಾಯಿಸಬೇಕಿತ್ತು? ಆ ಹುಡುಗಿಯನ್ನಾದರೂ ಬಿಡಬಹುದಿತ್ತು" ಎಂದರು. ಕ್ಲೇರ್ 2085ರ ತನಕ, 101 ವರ್ಷ ಬದುಕಿದಳಲ್ಲ ಎಂದೆ. "ಎಲ್ಲರನ್ನೂ ಕಳುಹಿಸಿಕೊಟ್ಟು ಒಬ್ಬಳೇ ಅಷ್ಟು ವರ್ಷ?" ಎಂದು ಕೇಳಿದರು. ಅವಳು ಮದುವೆಯಾದಳು, ಫೋಟೋ ತೆಗೆಯುತ್ತಾ ಬದುಕಿದಳು, ಅವಳು ಸಾಯುವ ಕೋಣೆಯ ಗೋಡೆ ತುಂಬ ಆ ಫೋಟೋಗಳೇ ಇವೆ ಎಂದು ವಾದಿಸಿದೆ. ಅಮ್ಮ ಇನ್ನೂ ಒಪ್ಪಿಲ್ಲ.